ನೀಲಿ ಬಂಗಲೆಯ ಕೊನೆಯ ಬಾಗಿಲು

ಸಾವಿರ ಬಾಗಿಲಿನ ಬಂಗಲೆಗೆ ಮದುವೆಯಾಗಿ ಬಂದವಳು ನಾನು. ಬಂದ ದಿನ ಒಂದೊಂದು ಬಾಗಿಲಿಗೂ ಕುಂಕುಮ ಇಡುತ್ತಾ ಹೋಗಿ, ಕೊನೆಯ ಬಾಗಿಲು ಮುಟ್ಟುವ ಹೊತ್ತಿಗೆ ಕೈಯ ಮದರಂಗಿ ಮಾಸಿಹೋಗಿತ್ತು, ತಿಂದ ಮದುವೆ ಊಟ ಅರಗಿ ಮತ್ತೆ ಹಸಿವಾಗಿತ್ತು. ಹಾಗೆ ಕಣ್ಣು ಬಿಡಬೇಡ ಮಗಳೇ, ಇದರಲ್ಲಿ ಅರ್ಧ ಸುಳ್ಳು. ಬಾಗಿಲು ಸಾವಿರ ಇರಲಿಲ್ಲ, ನಾನು ಬಂದಾಗ ನಲವತ್ತೆಂಟಿದ್ದವು. ಹಸಿವಾದದ್ದು ಮಾತ್ರ ಖಂಡಿತ ನಿಜ.

ಬೆಳಗ್ಗಿನಿಂದ ಟೇಪು ಹಿಡಿದು ಈ ಬಂಗಲೆಯನ್ನು ಏಳು ಸುತ್ತು ಬಂದೆ ನೀನು. ಯಾವುದಾದರೂ ದೇವರಿಗೆ ಇಷ್ಟು ಸುತ್ತು ಹಾಕಿದ್ದರೆ ಇಷ್ಟರಲ್ಲಿ ಒಂದು ಗಂಡು ಗೊತ್ತಾಗಿರುತ್ತಿತ್ತು. ಹಳೆಯ ಮನೆಗಳ ನಕ್ಷೆ ಬರೆದು ಕಚೇರಿಗೆ ಕೊಡುವ ಕೆಲಸ ಅಂದೆ. ಬರಿ, ಬೇಡ ಅನ್ನೋದಿಲ್ಲ. ಆದರೆ ಹೊರಗೆ ಅಳೆದರೆ ನೂರಾ ಅರವತ್ತು ಅಡಿ, ಒಳಗೆ ಅಳೆದರೆ ನಾನು ಚಾಪೆ ಹಾಸಿಕೊಂಡಿರುವ ಈ ಪಡಸಾಲೆಯ ಹದಿನೆಂಟೇ ಅಡಿ. "ಅಜ್ಜಿ, ಮಿಕ್ಕ ನೂರಾ ನಲವತ್ತೆರಡು ಅಡಿ ಎಲ್ಲಿ ಹೋಯ್ತು?" ಅಂತ ಕೇಳಿ ಟೇಪನ್ನೇ ಬೈದುಕೊಂಡೆ. ಟೇಪು ಪಾಪದ್ದು, ಅದರ ತಪ್ಪಿಲ್ಲ. ಇಲ್ಲಿ ಜಗಲಿಯ ಮೇಲೆ ಕೂತುಕೋ. ಇವತ್ತು ಗಾಳಿ ತಿರುಗುವ ದಿನ, ತಿರುಗುವುದಕ್ಕೆ ಇನ್ನೂ ಹೊತ್ತಿದೆ. ಆ ನೂರಾ ನಲವತ್ತೆರಡು ಅಡಿಯಲ್ಲಿ ಒಂಬತ್ತು ಅಡಿ ನನ್ನ ಗಂಡನದು. ನನಗೆ ಬೇಕಾದದ್ದು ಅದೊಂದೇ. ಮಿಕ್ಕದ್ದನ್ನು ಯಾರು ಬೇಕಾದರೂ ನಕ್ಷೆಯಲ್ಲಿ ಬರೆದುಕೊಂಡು ಹೋಗಲಿ.

ಇದನ್ನು ಕಟ್ಟಿಸಿದವನು ಟೋಪಿ ದೊರೆ. ಅವನಿಗೊಂದು ಹೆಸರಿತ್ತು, ಆದರೆ ಅದು ಇಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ. ಸಮುದ್ರದ ಕಡೆಯಿಂದ ಬಂದ, ಎರಡು ಪೆಟ್ಟಿಗೆ ಬೀಜ ತಂದ. ರಾಗಿ ಬೆಳೆಯುತ್ತಿದ್ದ ಹೊಲಗಳನ್ನೆಲ್ಲ ಕಣ್ಣು ಮುಟ್ಟುವವರೆಗೆ ನೀಲಿ ಗಿಡದ ತೋಟ ಮಾಡಿದ. ಗಿಡವೇನೋ ಹಸಿರೇ. ಕೊಯ್ದು ತಂದು ಕಲ್ಲಿನ ತೊಟ್ಟಿಯಲ್ಲಿ ಕೊಳೆಹಾಕಿ, ಆ ನೀರಿಗೆ ಸೊಂಟದವರೆಗೆ ಇಳಿದು ಹಲಗೆಯಿಂದ ಬಡಿದರೆ ಆಗ ನೀಲಿ ಎದ್ದು ಬರುತ್ತದೆ. ಅದನ್ನು ಕುದಿಸಿ, ಹಿಂಡಿ, ಸೋಪಿನಷ್ಟು ದಪ್ಪದ ಬಿಲ್ಲೆ ಕೊಯ್ದು ಒಣಗಿಸಬೇಕು. ಬಿಸಿಲು ತಾಗಿದರೆ ಬಿರುಕು ಬಿಡುತ್ತದೆ. ಗಾಳಿ ಬೀಸದಿದ್ದರೆ ಬೂಸು ಹಿಡಿಯುತ್ತದೆ. ಹಾಗಾಗಿ ದೊರೆ ಕಟ್ಟಿಸಿದ್ದು ಗಾಳಿ ಓಡಾಡುವ ಮನೆ. ಮನುಷ್ಯರು ಓಡಾಡುವುದು ಅವನ ತಲೆಯಲ್ಲೇ ಇರಲಿಲ್ಲ. ಎದೆಮಟ್ಟದ ಕಲ್ಲಿನ ಜಗಲಿ, ಅದರ ಮೇಲೆ ಎರಡು ಮೊಳ ದಪ್ಪದ ಇಟ್ಟಿಗೆ ಗೋಡೆ. ಗಾರೆಗೆ ಸುಣ್ಣ, ಬೆಲ್ಲದ ನೀರು, ಅಳಲೆಕಾಯಿ, ಮೊಟ್ಟೆಯ ಬಿಳಿ. ಮೂರು ವರ್ಷ ಸುತ್ತಲ ಏಳು ಹಳ್ಳಿಯಲ್ಲಿ ಒಂದು ಕೋಳಿಮರಿಯೂ ಹುಟ್ಟಲಿಲ್ಲವಂತೆ, ಮೊಟ್ಟೆಯೆಲ್ಲ ಗೋಡೆಗೆ ಹೋಗಿ. ನಡುವೆ ಒಂದು ಓಣಿ, ಎಡಕ್ಕೂ ಬಲಕ್ಕೂ ಕೋಣೆಗಳ ಸಾಲು. ಒಂದು ಬಾಗಿಲಿಗೆ ಎದುರು ಇನ್ನೊಂದು ಬಾಗಿಲು, ಅದರಾಚೆ ಮತ್ತೊಂದು. ಮುಂಬಾಗಿಲಲ್ಲಿ ನಿಂತು ಸೀನಿದರೆ ಹಿಂಬಾಗಿಲ ಆಚೆ ಕಟ್ಟಿದ ಎತ್ತು ತಿರುಗಿ ನೋಡುತ್ತಿತ್ತು. ಇಷ್ಟು ಅಳೆದೆಯಲ್ಲ, ಒಂದು ಕಿಟಕಿ ಕಂಡಿತಾ? ಕಾಣುವುದಿಲ್ಲ. ಕಿಟಕಿಯಲ್ಲಿ ಬಿಸಿಲು ನುಗ್ಗುತ್ತದೆ ಅಂತ ದೊರೆ ಒಂದನ್ನೂ ಇಡಿಸಲಿಲ್ಲ. ಬರೀ ಬಾಗಿಲು, ಎಂಬತ್ನಾಲ್ಕು.

ಕಟ್ಟಿದ ಮರುವರ್ಷ ಗಾಳಿ ತಿರುಗಿದ ದಿನ, ತೆಂಕಣ ಗಾಳಿ ನಿಂತು ಪಡುವಣ ಗಾಳಿ ಎದ್ದ ಆ ಮಧ್ಯಾಹ್ನ, ಒಂದು ಬಾಗಿಲು ಹೋಯಿತು. ಹೋಯಿತು ಅಂದರೆ ಹೋಯಿತು. ಬಾಗಿಲಿದ್ದ ಕಡೆ ಗೋಡೆ, ಗಾರೆ ಒಣಗಿ ಹತ್ತು ವರ್ಷ ಆದಂಥ ಗೋಡೆ. ಆ ಕೋಣೆಗೆ ಬೇರೆ ಬಾಗಿಲಿತ್ತು, ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಮರುವರ್ಷ ಇನ್ನೊಂದು. ಹೀಗೆ ವರ್ಷಕ್ಕೊಂದು. ಒಂದು ವರ್ಷ ಹೋದದ್ದು ದೊರೆ ಊಟ ಮಾಡುವ ಕೋಣೆಯ ಕಟ್ಟಕಡೆಯ ಬಾಗಿಲು. ಮೇಜಿನ ಮೇಲೆ ಬಡಿಸಿಟ್ಟಿದ್ದ ಸಾರು ಒಳಗೆ, ದೊರೆ ಕೈ ತೊಳೆದುಕೊಂಡು ಹೊರಗೆ. ಹಾರೆ ಹಾಕಿ ಗೋಡೆ ಒಡೆಸಿದ. ಎರಡು ಮೊಳ ಅಗೆದರೆ ಕಂಡದ್ದು ಆಚೆ ಬದಿಯ ಜಗಲಿ, ಅಲ್ಲಿ ಮಲಗಿದ್ದ ನಾಯಿ. ನಡುವೆ ಇರಬೇಕಾದ ಕೋಣೆ ಇಲ್ಲ, ಮೇಜಿಲ್ಲ, ಸಾರಿಲ್ಲ. ಟೋಪಿ ಹಾಕಿಕೊಂಡ, ಗಾಡಿ ಕಟ್ಟಿಸಿದ, ಹೋಗಿಬಿಟ್ಟ. ಆಮೇಲೆ ತೋಟ ಹಿಡಿದವನು ಧಣಿ. ಬಲು ಜಾಣ, ಒಂದು ದಿನವೂ ಈ ಹೊಸಿಲು ದಾಟಲಿಲ್ಲ. ತೊಟ್ಟಿ ಬಡಿಯುವ ನಮ್ಮ ಜನ ಗುಡಿಸಲಲ್ಲಿದ್ದರು. ಅವರನ್ನು ಕರೆದು, "ಅಷ್ಟು ದೊಡ್ಡ ಬಂಗ್ಲೆ ಖಾಲಿ ಬಿದ್ದದೆ, ಒಳೀಕೆ ಬಂದು ರಾಜರಂಗೆ ಇರ್ರಯ್ಯಾ" ಅಂದ. ರಾಜರಂತೆಯೇ ಬಂದರು.

ಬಂದ ಮೇಲೆ ಇರಲೇಬೇಕಲ್ಲ, ಅಭ್ಯಾಸವಾಯಿತು. ಒಂದೇ ಬಾಗಿಲು ಉಳಿದ ಕೋಣೆಗೆ ಒಂಟಿ ಕೋಣೆ ಅನ್ನುತ್ತಿದ್ದೆವು. ಅಲ್ಲಿ ಬಾಣಂತಿ ಮಲಗಿಸುವಂತಿಲ್ಲ, ತೊಟ್ಟಿಲು ಕಟ್ಟುವಂತಿಲ್ಲ, ಬಿಲ್ಲೆ ಒಣಗಿಸಲು ಹಲಗೆ ಹಾಕಿಕೊಳ್ಳಬಹುದು ಅಷ್ಟೆ. ಹೆಣ್ಣು ಕೊಡುವವರು ಗಂಡಿನ ನಡತೆ ಆಮೇಲೆ, ಮೊದಲು "ಕ್ವಾಣೆಗೆ ಎಷ್ಟು ಬಾಗ್ಲು?" ಅಂತ ಕೇಳೋರು. ಗಾಳಿ ತಿರುಗುವ ದಿನ ಒಂಟಿ ಕೋಣೆಗಳೊಳಗೆ ಹಣಿಕಿ ನೋಡಿ, ಬಾಗಿಲೆಳೆದು, ಚಿಲಕಕ್ಕೆ ಪೊರಕೆ ಸಿಕ್ಕಿಸೋರು. ಆಮೇಲೆ ಎಲ್ಲರೂ ಅಂಗಳಕ್ಕೆ. ಯಾರಾದರೂ ಒಳಗೆ ಉಳಿದರೋ ಅಂತ ನೋಡಬೇಕು, ಆದರೆ ತಲೆ ಎಣಿಸಬಾರದು. ಮನುಷ್ಯರನ್ನು ಎಣಿಸಿದರೆ ಒಬ್ಬರು ಕಡಿಮೆಯಾಗುತ್ತಾರೆ ಅಂತ ನಮ್ಮವರ ಭಯ. ಅದಕ್ಕೆ ಲೋಟ. ಹುಟ್ಟಿದ ಕೂಸಿಗೂ ಒಂದು ಕಂಚಿನ ಲೋಟ. ಅಂಗಳಕ್ಕೆ ಇಳಿದವರು ಅವರವರ ಲೋಟವನ್ನು ಜಗಲಿಯ ಮೆಟ್ಟಿಲ ಮೇಲೆ ಬೋರಲು ಹಾಕಬೇಕು. ಎಣಿಕೆಯವಳು ಲೋಟ ಎಣಿಸಿ, ಸರಿಹೋದರೆ ಬಂಗಲೆಗೆ ಬೆನ್ನು ಮಾಡಿ ನಿಂತು, "ಎಲ್ಲಾ ಬಂದವ್ರೇ!" ಅಂತ ಕೂಗಬೇಕು. ಎಲ್ಲರೂ ಬೆನ್ನು ಮಾಡಿ ನಿಲ್ಲಬೇಕು, ಹೋಗುವ ಬಾಗಿಲನ್ನು ನೋಡಬಾರದು. ಆ ಕೂಗು ಬೀಳುವವರೆಗೆ ಬಾಗಿಲು ಹೋಗುತ್ತಿರಲಿಲ್ಲ. ಒಂದು ವರ್ಷ ಯಾವುದೋ ಹುಡುಗಿ ಹುಣಸೆ ಮರ ಹತ್ತಿ ಕೂತಿದ್ದಳು, ಲೋಟ ಒಂದು ಕಮ್ಮಿ. ಅವಳನ್ನು ಹುಡುಕಿ ಇಳಿಸುವವರೆಗೆ ಸಂಜೆತನಕ ಕಾದುಕೊಂಡಿತ್ತು ಬಂಗಲೆ. ಅಷ್ಟು ನಂಬಿಗಸ್ತ. ಅದು ನಮ್ಮ ಮಾತನ್ನು ನಂಬುತ್ತಿತ್ತು ಮಗಳೇ, ಅದೇ ಕಷ್ಟವಾದದ್ದು.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿನಗೆ ತಿಳಿಯುವುದಿಲ್ಲ. ದೊರೆಯ ಕಾಲದಲ್ಲಿ ಅಡುಗೆಯವನ ಮಗಳು ರೋಸಮ್ಮ ಒಂದು ಸಲ ಒಳಗೆ ಸಿಕ್ಕಿಕೊಂಡಿದ್ದಳು. ಆರು ವರ್ಷದ ಕೂಸು, ಆಗ ಇನ್ನೂ ಲೋಟದ ಕಟ್ಟಳೆ ಇರಲಿಲ್ಲ. ಅವಳ ತಾಯಿ ಗೋಡೆಗೆ ಕೆನ್ನೆ ಒತ್ತಿ, "ರೋಸೀ, ರೋಸೀ" ಅಂತ ಆ ಮಧ್ಯಾಹ್ನದಿಂದ ಮರುದಿನ ಹೊತ್ತು ಮುಳುಗುವವರೆಗೆ ಕೂಗಿದಳು. ಹೊತ್ತು ಮುಳುಗುವಾಗ ಗೋಡೆ ಮೊಸರಿನ ಹಾಗೆ ಮೆತ್ತಗಾಗಿ, ಕೂಸು ಅದರೊಳಗಿಂದ ಈಜಿಕೊಂಡು ಬಂದುಬಿಟ್ಟಿತು. ತಲೆಗೂದಲು ಪೂರಾ ಸುಣ್ಣದ ಬಿಳುಪು. ಇದು ನನ್ನ ಬುರುಡೆಯಲ್ಲ. ರೋಸಮ್ಮನನ್ನು ನಾನೇ ಕಂಡಿದ್ದೇನೆ, ಮುಖದಲ್ಲಿ ಸುಕ್ಕಿಲ್ಲ, ತಲೆ ಮಾತ್ರ ಬೆಳ್ಳಗೆ. ಅವಳ ತಾಯಿಯ ಗಂಟಲು ಮಾತ್ರ ಮತ್ತೆ ಸರಿಹೋಗಲಿಲ್ಲವಂತೆ. ಅಲ್ಲಿಂದ ಎಲ್ಲರಿಗೂ ಗೊತ್ತು, ಸಿಕ್ಕಿಕೊಂಡವರನ್ನು ತಮ್ಮವರು ಹೆಸರು ಹಿಡಿದು ಕೂಗಬೇಕು. ತಮ್ಮವರೇ ಆಗಬೇಕು, ಹೆಸರೇ ಆಗಬೇಕು.

ಈಗ ನನ್ನ ಮದುವೆಗೆ ಬಾ. ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ತಾಯಿ ಇಲ್ಲ, ತಂದೆ ಇಲ್ಲ, ಒಡಹುಟ್ಟಿದವರಿಲ್ಲ. ತೊಟ್ಟಿ ಬಡಿಯುವ ಗುಂಪಿನಲ್ಲಿ ಬೆಳೆದವರು. ಮೊಣಕಾಲಿಂದ ಕೆಳಗೆ, ಮೊಣಕೈಯಿಂದ ಕೆಳಗೆ ನೀಲಿ, ಎಷ್ಟು ಬೂದಿ ಹಾಕಿ ತಿಕ್ಕಿದರೂ ಹೋಗದ ನೀಲಿ. ಮದುವೆಯ ದಿನ ಆರತಿ ಹಿಡಿದು ಈ ಮುಂಬಾಗಿಲಿಗೆ ಅಡ್ಡ ನಿಂತವಳು ಎಣಿಕೆಯ ಹೊನ್ನಾಜಮ್ಮ. "ಗಂಡನ ಹೆಸ್ರು ಹೇಳಿ ಒಳಿಕ್ಕೆ ಬಾ ಚಿಕ್ಕೀರಿ" ಅಂದಳು. ಎಲ್ಲ ಹುಡುಗಿಯರೂ ಆ ಒಂದು ದಿನ, ಹಾಡಿನಲ್ಲಿ ಸುತ್ತಿಯಾದರೂ ಹೇಳುತ್ತಾರೆ. ನಾನು ಹೇಳಲಿಲ್ಲ. "ಇವ್ರ ಅಪ್ಪನ ಮಗ, ಇವ್ರ ತಾತನ ಮೊಮ್ಮಗ. ಹೇಳಿದ್ನಲ್ಲ, ಬಿಡು ದಾರಿ" ಅಂದೆ. ಜನ ಬಿದ್ದು ಬಿದ್ದು ನಕ್ಕರು. ನಮ್ಮವರೂ ನಕ್ಕು, "ಇರ್ಲಿ ಬುಡು ಹೊನ್ನಾಜಕ್ಕ, ಒಂದಲ್ಲ ಒಂದಿನ ನಾನೇ ಹೇಳುಸ್ತೀನಿ" ಅಂದರು. ತಮಾಷೆಯೆಂದೇ ಎಲ್ಲರೂ ತಿಳಿದರು. ನನಗದು ತಮಾಷೆಯಾಗಿರಲಿಲ್ಲ. ನನ್ನ ದೊಡ್ಡಮ್ಮ ಜ್ವರದ ಬಡಬಡಿಕೆಯಲ್ಲಿ ಗಂಡನ ಹೆಸರು ಹೇಳಿಬಿಟ್ಟಿದ್ದಳು, ಎಂಟು ದಿನಕ್ಕೆ ದೊಡ್ಡಪ್ಪ ಬಾವಿಗೆ ಜಾರಿದ. ನಾನು ಆಗ ಅದೇ ಮನೆಯಲ್ಲಿದ್ದೆ. ಹೆಂಡತಿಯ ಬಾಯಿಂದ ಹೆಸರು ಬಿದ್ದರೆ ಗಂಡನ ಆಯುಸ್ಸು ಅಲ್ಲಿಗೆ ಮುಗಿಯಿತು ಅಂತ ನನ್ನ ತಾಯಿ ನನ್ನ ತುಟಿ ಹಿಡಿದು ಹೇಳಿಕೊಟ್ಟಿದ್ದಳು. ಮಿಕ್ಕವರಿಗೆ ಅದು ಬರೀ ನಾಚಿಕೆಯ ಮಾತು. ನನಗೆ ಮಾತ್ರ ಬಾವಿಯ ನೀರು ಕಣ್ಣ ಮುಂದೆ ಬರುತ್ತಿತ್ತು.

ಐದು ವರ್ಷ ಬಾಳಿದೆವು. ಮಕ್ಕಳಾಗಲಿಲ್ಲ. ಆಗಿದ್ದರೆ "ಇಂಥವನ ಅಪ್ಪ" ಅಂತಾದರೂ ಕರೆಯಬಹುದಿತ್ತು. ನಾನು "ಓಯ್" ಅಂದರೆ ಅವರು "ಏನೇ" ಅನ್ನೋರು. ಅಷ್ಟರಲ್ಲೇ ಸಂಸಾರ ನಡೆಯುತ್ತಿತ್ತು. ನನ್ನ ಬಾಯಿ ಆಗಲೂ ಹೀಗೇ, ಒಂದನ್ನು ಹತ್ತು ಮಾಡದೆ ಹೊರಗೆ ಬಿಡುತ್ತಿರಲಿಲ್ಲ. ಆ ವರ್ಷ ಗಾಳಿ ತಿರುಗುವ ದಿನ ಬೆಳಗ್ಗೆ ತೊಟ್ಟಿಯ ಹತ್ತಿರ ಹೆಂಗಸರು ಕೂತು ಗಿಡ ಕಟ್ಟು ಬಿಚ್ಚುತ್ತಿದ್ದೆವು. ಹಿಂದಿನ ದಿನ ತೊಟ್ಟಿಯಲ್ಲಿ ಒಂದು ಕಪ್ಪೆ ಹಾರಿ ಅವರ ಹೆಗಲ ಮೇಲೆ ಕೂತಿತ್ತು, ಅವರು ಸ್ವಲ್ಪ ಬೆಚ್ಚಿದ್ದರು. ನಡೆದದ್ದು ಅಷ್ಟೆ. ನಾನು ಹೇಳಿದ್ದು, "ಕಪ್ಪೆ ಕಂಡು ಅಮ್ಮಾ ಅಂತ ಅತ್ತುಬುಟ್ರು ಕಣ್ರೇ ನಮ್ಮೋರು! ತೊಟ್ಟಿಯಿಂದ ನಾನೇ ಕಂಕುಳಲ್ಲಿ ಎತ್ಕೊಂಡು ಬಂದೆ. ದಾರೀಲಿ ಒಂದು ಸಲ ಒದ್ದೆ ಮಾಡ್ಕಂಡ್ರು." ಹೆಂಗಸರು ನಕ್ಕರು, ಅಲ್ಲಿಂದ ಗಂಡಸರಿಗೆ ದಾಟಿತು. ಇಡೀ ಬೆಳಗ್ಗೆ ತೊಟ್ಟಿಯಲ್ಲಿ ಹಲಗೆ ಬಡಿತಕ್ಕೆ ಸರಿಯಾಗಿ, ಮೂವತ್ತು ಜನ ಕಪ್ಪೆಯ ಹಾಗೆ ವಟಗುಟ್ಟಿದರು. ಗುಂಪಿನ ಮೇಸ್ತ್ರಿ ಗಿರಿಯಪ್ಪನಂಥ ಗಿರಿಯಪ್ಪನೇ ಕುಪ್ಪಳಿಸಿ ತೋರಿಸಿದ.

ಅವರು ತೊಟ್ಟಿಯಿಂದ ಮೇಲೆ ಬಂದು ನನ್ನೆದುರು ನಿಂತರು. ಮೈಯಿಂದ ನೀಲಿ ನೀರು ತೊಟ್ಟಿಕ್ಕುತ್ತಿತ್ತು. "ನಿಂಗೆ ಒಂದು ಗಳಿಗೆ ನಗು ಕಣೇ. ನಂಗೆ ಇನ್ನು ಸಾಯೋಗಂಟ ಕಪ್ಪೆ ಅಂತ್ಲೇ ಹೆಸರು" ಅಂದರು. "ಆಗ್ಲಿ ಬುಡಿ, ಆ ಹೆಸ್ರಾದ್ರೆ ನಾನೂ ಕರೀಬೋದು" ಅಂದೆ. ಮತ್ತೆ ನಕ್ಕರು ಎಲ್ಲ. ಅವರು ನಗಲಿಲ್ಲ, ಬಂಗಲೆಯ ಕಡೆ ನಡೆದುಬಿಟ್ಟರು. ಮಗಳೇ, ಅವರು ನನ್ನೆದುರಿಗೆ ಆಡಿದ ಕೊನೆಯ ಮಾತು ಅದು. ನಾನು ಅವರಿಗೆ ಹೇಳಿದ ಕೊನೆಯ ಮಾತೂ ಅದೇ.

ಮಧ್ಯಾಹ್ನ ಎಲ್ಲರೂ ಅಂಗಳಕ್ಕೆ ಇಳಿದರು. ಲೋಟ ಹಾಕುವಾಗ ಗಂಡ ಹೆಂಡತಿ ಒಟ್ಟಿಗೆ ಬಂದು ಹಾಕುವುದು ರೂಢಿ. ಇವರು ಬರಲಿಲ್ಲ. ಹುಣಸೆ ಮರದ ಕೆಳಗೆ ಒಬ್ಬರು ನನಗೆ ಬೆನ್ನು ಮಾಡಿ ಕೂತಿದ್ದರು, ತಲೆಗೆ ಟವಲು, ನೀಲಿ ಕಾಲು. ಸಿಟ್ಟು ಇಳಿದಿಲ್ಲ, ಇರಲಿ ಅಂದುಕೊಂಡೆ. ನೀಲಿ ಕಾಲು ಯಾರದಲ್ಲ ಅಲ್ಲಿ? ಮೂವತ್ತು ಜನರದ್ದೂ ನೀಲಿ ಕಾಲೇ. ಆದರೆ ಹೋಗಿ ಮುಖ ನೋಡುವುದಕ್ಕೆ ನನಗೆ ಬಿಗುಮಾನ. ಎಲ್ಲರೆದುರು ಹೋಗಿ ಕರೆದು, ಅವರು ಬರದೆ ಹೋದರೆ? ಗಂಡ ಮುನಿಸಿಕೊಂಡ ಅಂತ ಹೆಂಗಸರು ಆಡಿಕೊಂಡರೆ? ಕೋಣೆಗೆ ಹೋಗಿ ಎರಡೂ ಲೋಟ ತಂದೆ. ನನ್ನದರ ಪಕ್ಕ ಅವರದನ್ನೂ ಬೋರಲು ಹಾಕಿದೆ. "ಎಲ್ಲೇ ನಿನ್ನ ಗಂಡ?" ಅಂದಳು ಹೊನ್ನಾಜಮ್ಮ. "ಅಲ್ಲಿ ಕೂತವ್ರಲ್ಲ, ಕಪ್ಪೆ ಕಾಯ್ತಾ" ಅಂದೆ. ನಕ್ಕಳು. ಎಣಿಸಿದಳು, ನೂರಾ ಏಳು, ಸರಿಹೋಯಿತು. ಎಲ್ಲರೂ ಬೆನ್ನು ಮಾಡಿ ನಿಂತೆವು. "ಎಲ್ಲಾ ಬಂದವ್ರೇ!"

ಗಾಳಿ ತಿರುಗಿತು. ಹುಣಸೆ ಮರದ ಕೆಳಗಿದ್ದವನು ಟವಲು ಕೊಡವಿ ಎದ್ದು ತಿರುಗಿದ. ಗಿರಿಯಪ್ಪನ ತಮ್ಮ.

ನಾನು ಒಳಗೆ ಓಡಿದೆ. ಬಲಗಡೆ ಸಾಲಿನ ಮೂರನೆಯದು, ಒಂಬತ್ತು ಅಡಿಯ ಒಂಟಿ ಕೋಣೆ, ಬಿಲ್ಲೆ ಒಣಗಿಸುವ ಕೋಣೆ, ಅದು ಇರಲಿಲ್ಲ. ಚಿಲಕಕ್ಕೆ ಸಿಕ್ಕಿಸಿದ್ದ ಪೊರಕೆ ಬರೀ ಗೋಡೆಯ ಬುಡದಲ್ಲಿ ಬಿದ್ದಿತ್ತು. ಹಣಿಕಿ ನೋಡಿದವರಿಗೆ ಹಲಗೆಗಳ ಸಾಲು ಕಂಡಿದೆ, ಸಾಲಿನ ಹಿಂದೆ ತಂಪು ನೆಲದಲ್ಲಿ ಮಲಗಿದ್ದ ಮನುಷ್ಯ ಕಂಡಿಲ್ಲ. ನಾನು ಗೋಡೆಗೆ ಕೈ ಇಟ್ಟೆ. ಒಳಗಿನಿಂದ ಬಡಿದ ಸದ್ದು ಬಂತು. ಎರಡು ಜೋರು, ಒಂದು ನಿಧಾನ. ತೊಟ್ಟಿ ಬಡಿಯುವ ವರಸೆ.

ಗಂಡಸರು ಹಾರೆ ತಂದು ಅಗೆದರು. ಎರಡು ಮೊಳಕ್ಕೆ ಆಚೆಯ ಬಿಸಿಲು ಕಂಡಿತು, ಒಂದು ಹಲ್ಲಿ ಓಡಿತು. ಕಂಡಿಯನ್ನು ಮುಚ್ಚಿದರೆ ಮತ್ತೆ ಬಡಿತ ಕೇಳುತ್ತದೆ. ಗಿರಿಯಪ್ಪ ಅವರ ಹೆಸರು ಹಿಡಿದು ಕೂಗಿದ. ಎಲ್ಲರೂ ಕೂಗಿದರು, ಚಿಕ್ಕ ಮಕ್ಕಳೂ ಕೂಗಿದವು. ಆ ಹೆಸರನ್ನು ಅಷ್ಟೊಂದು ಬಾಯಲ್ಲಿ ಒಟ್ಟಿಗೆ ಕೇಳಿ ನನ್ನ ಮೈ ಬಿಸಿಯೇರಿತು. ಗೋಡೆ ಗೋಡೆಯಾಗಿಯೇ ಇತ್ತು. ತಮ್ಮವರು ಕೂಗಬೇಕು. ಅವರಿಗೆ ತಮ್ಮವಳು ಅಂತ ಇದ್ದವಳು ನಾನೊಬ್ಬಳು.

"ಕೂಗೇ" ಅಂದಳು ಹೊನ್ನಾಜಮ್ಮ.

"ಓಯ್" ಅಂದೆ ಗೋಡೆಗೆ. "ಓಯ್, ಇಲ್ಲಿ ಕೇಳಿ, ನಾನು ಕಣ್ರೀ!" ನನ್ನ ದನಿಗೆ ಒಳಗಿನ ಬಡಿತ ಚುರುಕಾಯಿತು.

"ಹೆಸ್ರು ಹಿಡಿದು ಕೂಗು ಚಿಕ್ಕೀರಿ. ಹೆಸ್ರು!"

ಹೆಸರು ಹೇಳಿದರೆ ಹೊರಗೆ ಬರುತ್ತಾರೆ. ಹೆಸರು ಹೇಳಿದರೆ ಸಾಯುತ್ತಾರೆ. ನನಗೆ ಎರಡೂ ಗೊತ್ತಿತ್ತು. ಎರಡನ್ನೂ ಕಣ್ಣಲ್ಲಿ ಕಂಡಿದ್ದೆ, ರೋಸಮ್ಮನ ಬಿಳಿಯ ತಲೆಯನ್ನೂ ಕಂಡಿದ್ದೆ, ಬಾವಿಯಿಂದ ಎತ್ತಿ ಮಲಗಿಸಿದ ದೊಡ್ಡಪ್ಪನನ್ನೂ ಕಂಡಿದ್ದೆ. ಹೊರಗೆ ಕರೆದು ಕೊಲ್ಲಲೋ, ಒಳಗೆ ಬಿಟ್ಟು ಉಳಿಸಲೋ? ಬಡಿಯುತ್ತಿದ್ದಾರಲ್ಲ, ಬದುಕಿದ್ದಾರಲ್ಲ, ಬದುಕಿರುವವರೆಗೆ ಬೇರೆ ದಾರಿ ಏನಾದರೂ ಸಿಕ್ಕೀತು ಅಂದುಕೊಂಡೆ. ಅನ್ನ ಬೇಯಿಸಿ ಗೋಡೆಯ ಬುಡದಲ್ಲಿ ಇಟ್ಟೆ. ನೀರು ಚಿಮುಕಿಸಿದೆ. ಓಯ್ ಅಂದೆ, ಇವರೇ ಅಂದೆ, ನನ್ನಪ್ಪಾ ಅಂದೆ, ಕಪ್ಪೆ ಮಾತು ಸುಳ್ಳು ಅಂತ ಎಲ್ಲರೆದುರು ನೂರು ಸಲ ಹೇಳಿದೆ. ಎರಡನೇ ದಿನ ಗಿರಿಯಪ್ಪ ಮೇಸ್ತ್ರಿ, ಅಷ್ಟು ವಯಸ್ಸಿನವನು, ನನ್ನ ಕಾಲು ಹಿಡಿದ. "ತಾಯೀ, ಒಂದೇ ಒಂದು ಸಲ. ನಿನ್ನ ಬಾಯಿಗೆ ಏನು ಕೇಡು? ಊರಿನ ಸುಳ್ಳೆಲ್ಲ ಆಡ್ತದಲ್ಲ ಅದು!" ಮೂರನೇ ದಿನ ಹೊನ್ನಾಜಮ್ಮ ನನ್ನ ಕೆನ್ನೆಗೆ ಹೊಡೆದಳು. "ಅವ್ನು ಕಾಯ್ತಾವ್ನೆ ಕಣೇ! ನಿನ್ನ ದನಿ ಕೇಳ್ದಾಗೆಲ್ಲ ಬಡೀತಾವ್ನೆ!" ಆಗ ಬಡಿತ ನಿಧಾನವಾಗಿತ್ತು. ಎರಡು ಜೋರು ಇಲ್ಲ. ಬರೀ ಒಂದು, ಬಹಳ ಹೊತ್ತಿಗೊಂದು. ನಾನು ಗೋಡೆಗೆ ಕೆನ್ನೆ ಒತ್ತಿದೆ. ಬಾಯಿ ತೆರೆದೆ. ಹೆಸರಿನ ಮೊದಲ ಅಕ್ಷರಕ್ಕೆ ನಾಲಿಗೆ ಎದ್ದದ್ದು ನಿಜ, ಇದರಲ್ಲಿ ಒಂದು ಕೂದಲೆಳೆಯಷ್ಟೂ ಸುಳ್ಳಿಲ್ಲ. ಹೊರಗೆ ಬಿದ್ದದ್ದು ಮಾತ್ರ "ಓಯ್".

ಒಂದು ಸಲ ಬಡಿದರು. ಆಮೇಲೆ ಬಡಿಯಲಿಲ್ಲ.

ಮೂರು ವರ್ಷ ನೋಡಿದರು, ಆಮೇಲೆ ಹಿರಿಯರು ಸೇರಿ ಬಳೆ ತೆಗೆಸಿದರು. ತೆಗೆದು ಕೊಟ್ಟೆ. "ಇನ್ನಾದ್ರೂ ಹೆಸ್ರು ಹೇಳ್ಬೋದಲ್ಲ, ಇನ್ನೇನು ಹೆದ್ರಿಕೆ ನಿಂಗೆ?" ಅಂದಳು ಹೊನ್ನಾಜಮ್ಮ. ಅವಳಿಗೆ ಹೇಗೆ ತಿಳಿಯಬೇಕು? ಹೇಳಿದರೆ ಅವರು ಸತ್ತರು ಅಂತ ನಾನೇ ಒಪ್ಪಿಕೊಂಡ ಹಾಗಲ್ಲವಾ? ಬಡಿಯುತ್ತಿಲ್ಲ ಅಂದರೆ ನಿದ್ದೆ ಮಾಡುತ್ತಿರಬಹುದು. ಸಿಟ್ಟಾಗಿರಬಹುದು. ಅವರ ಸಿಟ್ಟು ದೊಡ್ಡದು. ಹೀಗೆ ಸಮಾಧಾನ ಮಾಡಿಕೊಂಡು ನಲವತ್ತೆರಡು ವರ್ಷ ಕಳೆದೆ. ಹೊನ್ನಾಜಮ್ಮ ಹೋದ ಮೇಲೆ ಎಣಿಕೆ ನನಗೇ ಕೊಟ್ಟರು, ಇವಳಷ್ಟು ಹೆದರಿಕೊಂಡು ಎಣಿಸುವವಳು ಇನ್ನೊಬ್ಬಳಿಲ್ಲ ಅಂತ. ನಿಜ, ನಾನು ಲೋಟ ಎಣಿಸಿದ ಮೇಲೆ ಒಬ್ಬೊಬ್ಬರ ಮುಖ ಹಿಡಿದು ನೋಡುತ್ತಿದ್ದೆ. ಜನ ಬೈದುಕೊಳ್ಳುತ್ತಿದ್ದರು. ಆಮೇಲೆ ಡಬ್ಬಿಯಲ್ಲಿ ಕಾರ್ಖಾನೆಯ ನೀಲಿ ಬಂತು, ಗಿಡ ಕೇಳುವವರಿಲ್ಲ, ತೊಟ್ಟಿಗಳಲ್ಲಿ ಎಕ್ಕ ಬೆಳೆಯಿತು. ಜನ ಒಂದೊಂದೇ ಲೋಟ ಎತ್ತಿಕೊಂಡು ಹೋದರು. ನಾನು ಹೋಗಲಿಲ್ಲ. ಬಲಗಡೆ ಸಾಲಿನ ಆ ಗೋಡೆಗೆ ಬೆನ್ನು ಕೊಟ್ಟು ಮಲಗುತ್ತಿದ್ದೆ. ಹತ್ತು ವರ್ಷದ ಹಿಂದೆ ಆ ಓಣಿಗೆ ಹೋಗುವ ಬಾಗಿಲೂ ಹೋಯಿತು. ಬೆನ್ನಿಗೆ ಆ ಗೋಡೆಯೂ ಇಲ್ಲವಾಯಿತು. ಹೀಗೆ ಹೋಗಿ ಹೋಗಿ ಈಗ ಉಳಿದದ್ದು ಈ ಪಡಸಾಲೆ, ಈ ಮುಂಬಾಗಿಲು. ಎಂಬತ್ನಾಲ್ಕರಲ್ಲಿ ಕೊನೆಯದು.

ಹೊನ್ನಾಜಮ್ಮ ಆರತಿ ಹಿಡಿದು ಅಡ್ಡ ನಿಂತದ್ದು ಇಲ್ಲೇ ನೋಡು, ಈ ಹೊಸಿಲ ಮೇಲೆ. ಹೆಸರು ಹೇಳಿ ಒಳಗೆ ಬಾ ಅಂದಿದ್ದಳು, ನಾನು ಹೇಳದೆ ನುಗ್ಗಿದ್ದೆ. ಒಂದಲ್ಲ ಒಂದು ದಿನ ಹೇಳಿಸುತ್ತೇನೆ ಅಂದಿದ್ದರು ಅವರು. ಇವತ್ತು ಈ ಬಾಗಿಲು ಹೋದರೆ ಇನ್ನು ಕೂಗುವುದಕ್ಕೆ ನನಗೆ ಜಾಗವೂ ಇರುವುದಿಲ್ಲ. ಅದಕ್ಕೆ ಇವತ್ತು ಹೇಳಿಬಿಡುತ್ತೇನೆ. ಎಷ್ಟು ತಡವಾಯಿತು ಅಂತ ನ‌ನಗೆ ಗೊತ್ತು, ನೀನು ಹಾಗೆ ಮುಖ ಮಾಡಬೇಕಾಗಿಲ್ಲ. ಒಳಗಿನಿಂದ ಅವರು ಓ ಅನ್ನದಿದ್ದರೆ, ಆ ಮೂರನೇ ದಿನವೇ ಹೋಗಿದ್ದಾರೆ, ನಲವತ್ತೆರಡು ವರ್ಷ ಬಾಯಿ ಮುಚ್ಚಿಕೊಂಡು ನಾನು ಕಾಪಾಡಿದ್ದು ಏನನ್ನೂ ಅಲ್ಲ. ಓ ಅಂದರೆ, ಒಳಗೆ ಅಷ್ಟು ವರ್ಷ ಕೂತು ನನ್ನ ಬಾಯಿಂದ ಒಂದು ಹೆಸರು ಬೀಳಲಿ ಅಂತ ಕಾದಿದ್ದಾರೆ. ನೀನು ಓದಿದವಳು, ಹೇಳು, ಇದರಲ್ಲಿ ಯಾವುದು ಆಗಲಿ ಅಂತ ನಾನು ಕೈ ಮುಗಿಯಲಿ?

ಹುಣಸೆ ಎಲೆ ನೋಡು, ಈಗ ಈ ಕಡೆಗೆ ಬೀಳುತ್ತಿದೆ. ಇಳಿ ಅಂಗಳಕ್ಕೆ. ನಿನ್ನ ಆ ನೀರಿನ ಬಾಟಲಿಯನ್ನು ಮೆಟ್ಟಿಲ ಮೇಲೆ ತಲೆಕೆಳಗಾಗಿ ನಿಲ್ಲಿಸು, ನಿಲ್ಲದಿದ್ದರೆ ಮಲಗಿಸು, ಬಂಗಲೆ ಬೇಜಾರು ಮಾಡಿಕೊಳ್ಳುವುದಿಲ್ಲ. ಪಕ್ಕದಲ್ಲಿ ಈ ಎರಡು ಲೋಟ. ಅಂಚು ನಗ್ಗಿರುವುದು ಅವರದು, ಇನ್ನೊಂದು ನನ್ನದು. ಎಣಿಸಿಕೋ, ಮೂರು. ನಾನೂ ಇಳಿಯಬೇಕಾ? ನನ್ನ ಲೋಟ ಇಳಿದಿದೆಯಲ್ಲ ಮಗಳೇ, ಅಷ್ಟು ಸಾಲದಾ? ಬೆನ್ನು ಮಾಡಿ ನಿಲ್ಲು, ತಿರುಗಬೇಡ. ಜೋರಾಗಿ ಕೂಗು, ಎಲ್ಲಾ ಬಂದವ್ರೇ ಅಂತ. ನಿನ್ನ ಕೂಗಿಗೆ ಮೊದಲು ನಾನು ಆ ಹೆಸರು ಹೇಳಿ ಮುಗಿಸುತ್ತೇನೆ, ನಿನಗೆ ಕೇಳಿಸದಷ್ಟು ಮೆಲ್ಲಗೆ. ಒಳಗಿನಿಂದ ಯಾರಾದರೂ ಓ ಅಂದರಾ, ಹೆಸರು ಹೇಳುವಾಗ ಈ ಮುದುಕಿ ಹೊಸಿಲಿನ ಈಚೆ ನಿಂತಿದ್ದಳಾ, ಆಚೆಯಾ? ನಿನ್ನ ನಕ್ಷೆಯಲ್ಲಿ ಹೊಸಿಲಿಗೆ ಒಂದು ಗೆರೆ ಎಳೆದಿದ್ದೀಯಲ್ಲ, ಅದರ ಯಾವ ಕಡೆ ನನ್ನನ್ನು ಬರೆಯುತ್ತೀಯೋ, ಊಹಿಸು ನೋಡೋಣ.